ದಿನಕ್ಕೆ ಹತ್ತೇ ನಿಮಿಷದ ಬಾಯಿಲೆಕ್ಕ

ಸಂಜೆ ಒಲೆಯ ಮೇಲೆ ಸಾರು ಕುದಿಯುತ್ತಿರುತ್ತದೆ. ಅಡಿಗೆಮನೆಯ ಬಾಗಿಲಲ್ಲೇ ಮಗು ಪುಸ್ತಕ ಹರಡಿಕೊಂಡು ಕೂತಿರುತ್ತದೆ. ಸೌಟು ತಿರುವುತ್ತಲೇ ನೀವು ಕೇಳುತ್ತೀರಿ, "48ಕ್ಕೆ 27 ಕೂಡಿದರೆ ಎಷ್ಟೋ?" ಮಗು ಒಮ್ಮೆ ಸೂರು ನೋಡುತ್ತದೆ. ಗಾಳಿಯಲ್ಲೇ ಬೆರಳಾಡಿಸಿ ಒಂದರ ಕೆಳಗೊಂದು ಬರೆದುಕೊಳ್ಳುತ್ತದೆ. "ಎಂಟೂ ಏಳೂ ಹದಿನೈದು, ಐದು ಇಳಿಸಿ, ಕೈಲಿ ಒಂದು..." ಎನ್ನುವಷ್ಟರಲ್ಲಿ ಕೈಲಿದ್ದ ಆ ಒಂದು ಎಲ್ಲೋ ಬಿದ್ದುಹೋಗಿ "ಅರವತ್ತೈದು" ಎನ್ನುತ್ತದೆ. ನಿಮಗೆ ಸಿಟ್ಟು, ಮಗುವಿಗೆ ಅಳು, ಒಲೆಯ ಮೇಲೆ ಸಾರು ಉಕ್ಕಿ ಚೆಲ್ಲುತ್ತದೆ. ನಿಜ ಹೇಳಿ, ನಿಮ್ಮ ಮನೆಯಲ್ಲೂ ಹೀಗೇ ಅಲ್ಲವೇ?

ಇನ್ನು ನಿಮ್ಮ ಬೀದಿಗೆ ಬರುವ ಹೂವಿನವಳನ್ನು ನೋಡಿ. ಸ್ಲೇಟು ಹಿಡಿದವಳಲ್ಲ. "ಮೊಳ ಇಪ್ಪತ್ತೈದು, ಆರು ಮೊಳ ಕೊಡು" ಎಂದರೆ ಕೈ ಹೂ ಅಳೆಯುತ್ತಿರುವಾಗಲೇ ಬಾಯಿ, "ನಾಕು ಮೊಳಕ್ಕೆ ನೂರು, ಇನ್ನೆರಡಕ್ಕೆ ಐವತ್ತು, ನೂರೈವತ್ತು ಕೊಡಿ" ಎನ್ನುತ್ತದೆ. ಗಾಳಿಯಲ್ಲಿ ಬರೆಯುವುದೂ ಇಲ್ಲ, ಕೈಲಿ ಒಂದು ಇಟ್ಟುಕೊಳ್ಳುವುದೂ ಇಲ್ಲ. ಅವಳ ಕೈಲಿ ಹೂವೇ ಇರುತ್ತದೆ!

ಓದದವಳಿಗೆ ಬರುವ ಲೆಕ್ಕ ಓದುವ ಮಗುವಿಗೆ ಯಾಕೆ ಬರುವುದಿಲ್ಲ? ಬುದ್ಧಿ ಕಡಿಮೆಯೆಂದೇ? ಖಂಡಿತ ಅಲ್ಲ. ಹೂವಿನವಳು ಸಂಖ್ಯೆಯನ್ನು ತನಗೆ ಬೇಕಾದಂತೆ ಮುರಿದು ಕೂಡಿಸಿಕೊಳ್ಳುತ್ತಾಳೆ. ನಮ್ಮ ಮಗು ಯಾರೋ ಹಾಕಿಕೊಟ್ಟ ಒಂದೇ ಗೆರೆಯ ಮೇಲೆ ನಡೆಯುತ್ತದೆ. ಗೆರೆ ತಪ್ಪಿದರೆ ದಾರಿಯೇ ತಪ್ಪಿತು. ಹೂವಿನವಳ ಈ ಜಾಣತನವನ್ನು ಶಾಲೆಯ ಒಳಗೇ, ದಿನಕ್ಕೆ ಹತ್ತು ನಿಮಿಷದಲ್ಲಿ ಬೆಳೆಸಬಹುದು. ಅದನ್ನು ಕಣ್ಣಾರೆ ಕಂಡ ಮೇಲೆ ನಿಮಗೂ ಹೇಳಬೇಕೆನಿಸಿ ಈ ಲೇಖನ ಬರೆಯುತ್ತಿದ್ದೇನೆ. ನಾನು ಎಸ್ಸೆಸ್ಸೆಲ್ಸಿವರೆಗೆ ಓದಿದವಳು, ಶಿಕ್ಷಣತಜ್ಞೆಯಲ್ಲ. ಆದರೆ ಇದಕ್ಕೆ ದೊಡ್ಡ ಓದೇನೂ ಬೇಕಿಲ್ಲ.

ಪೆನ್ಸಿಲು ಒಳಗೆ, ಹೆಬ್ಬೆರಳು ಹೊರಗೆ

ನಮ್ಮೂರಿನ ಒಂದು ಸರ್ಕಾರಿ ಶಾಲೆಯಲ್ಲಿ ನಾಲ್ಕನೆಯ ತರಗತಿಗೆ ಲೆಕ್ಕ ಹೇಳುವ ಟೀಚರು ನನಗೆ ಪರಿಚಯ. ತಾಯಂದಿರ ಸಭೆಗೆ ಹೋದಾಗ, "ಬನ್ನಿ ಅಕ್ಕಾ, ಒಂದು ದಿನ ನಮ್ಮ ತಮಾಷೆ ನೋಡಿ" ಎಂದು ಕರೆದರು. ಒಂದು ದಿನ ನೋಡಲು ಹೋದವಳು ನಾಲ್ಕು ದಿನ ಹಿಂದಿನ ಬೆಂಚಿನಲ್ಲಿ ಕೂತು ಬಂದೆ.

ಪ್ರಾರ್ಥನೆ, ಹಾಜರಿ ಮುಗಿದ ಕೂಡಲೇ ಪುಸ್ತಕ ಪೆನ್ಸಿಲುಗಳೆಲ್ಲ ಚೀಲದೊಳಗೆ ಹೋಗುತ್ತವೆ. ಟೀಚರು ಬೋರ್ಡಿನ ಮೇಲೆ ಒಂದೇ ಒಂದು ಲೆಕ್ಕ ಬರೆಯುತ್ತಾರೆ. ನಾನು ಹೋದ ದಿನ ಬರೆದದ್ದು 18 × 5. ಒಂದರ ಕೆಳಗೊಂದು ಬರೆಯದೆ, ಪಕ್ಕಪಕ್ಕ ಅಡ್ಡಲಾಗಿ ಬರೆದಿದ್ದರು. ಹಾಗೆ ಬರೆಯುವುದಕ್ಕೂ ಕಾರಣವಿದೆ. ಕೆಳಗೆ ಬರೆದರೆ ಮಕ್ಕಳು ಆಲೋಚಿಸುವುದು ಬಿಟ್ಟು 'ಐದೆಂಟ್ಲ ನಲವತ್ತು, ಸೊನ್ನೆ ಇಳಿಸಿ...' ಎಂದು ಹಳೇ ಗೆರೆಗೇ ಬೀಳುತ್ತಾರಂತೆ.

ಯಾರೂ ಕೈ ಎತ್ತುವಂತಿಲ್ಲ. ಇದು ನನಗೆ ಬಹಳ ಹಿಡಿಸಿತು. ಒಬ್ಬ ಚುರುಕು ಹುಡುಗ "ಮಿಸ್, ನಾನು ಮಿಸ್" ಎಂದು ಕೈ ಬೀಸಿದರೆ ಮಿಕ್ಕವರು ಅಲ್ಲಿಗೇ ಯೋಚನೆ ನಿಲ್ಲಿಸಿಬಿಡುತ್ತಾರಲ್ಲ? ಅದಕ್ಕೆ ಇಲ್ಲಿ ಎಲ್ಲರೂ ಮುಷ್ಟಿ ಕಟ್ಟಿ ಎದೆಯ ಹತ್ತಿರ ಹಿಡಿದಿರಬೇಕು. ಉತ್ತರ ಹೊಳೆದಾಗ ಸದ್ದಿಲ್ಲದೆ ಹೆಬ್ಬೆರಳು ಎತ್ತಬೇಕು. ಇನ್ನೂ ಹೊತ್ತಿದ್ದರೆ ಸುಮ್ಮನೆ ಕೂರುವಂತಿಲ್ಲ, ಅದೇ ಲೆಕ್ಕಕ್ಕೆ ಇನ್ನೊಂದು ದಾರಿ ಹುಡುಕಬೇಕು. ಸಿಕ್ಕಿದರೆ ಇನ್ನೊಂದು ಬೆರಳು. ಟೀಚರಿಗೆ ಕಾಣುತ್ತದೆ, ಪಕ್ಕದವನಿಗೆ ಕಾಣುವುದಿಲ್ಲ. ನಿಧಾನದ ಮಗುವಿಗೂ ಎದೆ ಹೊಡೆದುಕೊಳ್ಳುವುದಿಲ್ಲ.

ಹೆಚ್ಚಿನ ಹೆಬ್ಬೆರಳುಗಳು ಎದ್ದ ಮೇಲೆ ಟೀಚರು ಉತ್ತರ ಕೇಳಿದರು. ಒಬ್ಬಳು 90 ಎಂದಳು. ಒಬ್ಬ 45 ಎಂದ, ಇನ್ನೊಬ್ಬ 80, ಮತ್ತೊಬ್ಬಳು 95. ನಾಲ್ಕನ್ನೂ ಬೋರ್ಡಿನ ಮೇಲೆ ಬರೆದರು. ಮುಖದಲ್ಲಿ ನಗುವೂ ಇಲ್ಲ, ಹುಬ್ಬುಗಂಟೂ ಇಲ್ಲ! ಯಾವುದು ಸರಿ ಎಂದು ನನಗೇ ಕೂಗಿ ಹೇಳಬೇಕೆನಿಸಿತು. ಆಮೇಲೆ ಅವರು ಕೇಳಿದ್ದು ಒಂದೇ ಮಾತು: "ಹೇಗೆ ಬಂತು, ಯಾರು ಹೇಳ್ತೀರಿ?"

ಒಬ್ಬ ಹೇಳಿದ, "ಹದಿನೆಂಟು ಅಂದ್ರೆ ಹತ್ತೂ ಎಂಟು. ಹತ್ತೈದ್ಲ ಐವತ್ತು, ಎಂಟೈದ್ಲ ನಲವತ್ತು. ತೊಂಬತ್ತು." ಇನ್ನೊಬ್ಬಳು, "ನಾನು ಇಪ್ಪತ್ತು ಅಂದ್ಕೊಂಡೆ ಮಿಸ್. ಇಪ್ಪತ್ತೈದ್ಲ ನೂರು. ಆದ್ರೆ ಎರಡು ಐದು ಜಾಸ್ತಿ ಆಯ್ತಲ್ಲ, ಹತ್ತು ತೆಗೆದೆ." ಮತ್ತೊಬ್ಬ 18 ಮತ್ತು 18 ಸೇರಿಸಿ 36, ಅದನ್ನು ಇಮ್ಮಡಿ ಮಾಡಿ 72, ಇನ್ನೊಂದು 18 ಸೇರಿಸಿ 90 ಎಂದ. ಟೀಚರು ಮಕ್ಕಳು ಹೇಳಿದ್ದನ್ನು ಹೇಳಿದ ಹಾಗೇ ಬೋರ್ಡಿಗೆ ಇಳಿಸುತ್ತಿದ್ದರು. ತಮ್ಮದೊಂದು ಮಾತು ಸೇರಿಸಲಿಲ್ಲ.

ಕಿಟಕಿಯ ಬಳಿ ಒಬ್ಬ ಹುಡುಗಿ ಕೂತಿದ್ದಳು. ಅವಳ ತಾಯಿ ಸಂತೆಯಲ್ಲಿ ಸೊಪ್ಪು ಮಾರುವಾಕೆ. ಸಂತೆಯ ದಿನ ಮಗಳೂ ಜೊತೆಗೆ ಕೂರುತ್ತಾಳೆ. ಪರೀಕ್ಷೆಯಲ್ಲಿ ಲೆಕ್ಕಕ್ಕೆ ಯಾವಾಗಲೂ ಕೆಂಪು ಗೆರೆ. "ಇವಳಿಗೆ ಓದು ಹತ್ತೋಲ್ಲ, ಇನ್ನೆರಡು ವರ್ಷ ನೋಡಿ ಬಿಡಿಸ್ತೀನಿ" ಎಂದು ತಾಯಿ ಟೀಚರ ಹತ್ತಿರ ಎರಡು ಸಲ ಹೇಳಿ ಹೋಗಿದ್ದಳಂತೆ. ಆ ಹುಡುಗಿ ಅವತ್ತು ತಾನಾಗಿ ಎದ್ದು ನಿಂತಳು. "ಕಟ್ಟಿಗೆ ಐದು ರೂಪಾಯಿ ಮಿಸ್. ಎರಡು ಕಟ್ಟಿಗೆ ಹತ್ತು. ಹದಿನೆಂಟು ಕಟ್ಟು ಅಂದ್ರೆ ಒಂಬತ್ತು ಜೊತೆ. ಒಂಬತ್ತು ಹತ್ತು ತೊಂಬತ್ತು" ಎಂದಳು.

ತರಗತಿ ಒಂದು ಗಳಿಗೆ ಸುಮ್ಮನಾಯಿತು. ಐದನ್ನು ಎರಡರಷ್ಟು ಮಾಡಿ ಹದಿನೆಂಟನ್ನು ಅರ್ಧ ಮಾಡಿದ್ದಳು! 18 × 5 ಎಂದರೂ ಒಂದೇ, 9 × 10 ಎಂದರೂ ಒಂದೇ. ಆ ನಾಲ್ಕು ದಾರಿಗಳಲ್ಲಿ, ಕೈಬೆರಳೂ ಬೇಡದ ಹಗುರಾದ ದಾರಿ ಅವಳದೇ. "ಇದು ನಮಗ್ಯಾಕೆ ಹೊಳೀಲಿಲ್ಲ?" ಎಂದು ಮುಂದಿನ ಬೆಂಚಿನ ಜಾಣನೊಬ್ಬ ಗೊಣಗಿದ. ಟೀಚರು "ಶಭಾಷ್" ಎನ್ನಲಿಲ್ಲ. "ಇವಳು ಮಾಡಿದ್ದನ್ನ ಬೇರೆ ಯಾರು ನಿಮ್ಮ ಮಾತಲ್ಲಿ ಹೇಳ್ತೀರಿ?" ಎಂದರು. ಆ ಜಾಣನೇ ಎದ್ದು ಹೇಳಿದ.

45 ಎಂದಿದ್ದ ಹುಡುಗನ ಕಥೆ ಹೇಳುವುದು ಉಳಿಯಿತು. ಅವನೂ ತನ್ನ ದಾರಿ ಹೇಳಲು ಎದ್ದ. "ಐದೆಂಟ್ಲ ನಲವತ್ತು, ಐದೊಂದ್ಲ ಐದು, ನಲವತ್ತೂ ಐದೂ..." ಎಂದವನು ಅಲ್ಲೇ ನಿಂತುಬಿಟ್ಟ. "ಅಲ್ಲ ಮಿಸ್, ಆ ಒಂದು ಒಂದಲ್ಲ, ಹತ್ತು" ಎಂದು ಕೂತ. ಯಾರೂ ನಗಲಿಲ್ಲ, ಯಾರೂ ತಿದ್ದಲಿಲ್ಲ. ತಪ್ಪು ತಾನೇ ಎದ್ದು ಬಂದಿತ್ತು. ಕೆಂಪು ಇಂಕಿನಿಂದ ಗೀಟು ಹಾಕಿದ್ದರೆ ಅವನಿಗೆ ಅದು ತಪ್ಪೆಂದು ಗೊತ್ತಾಗುತ್ತಿತ್ತು, ಯಾಕೆ ತಪ್ಪೆಂದು ಗೊತ್ತಾಗುತ್ತಿರಲಿಲ್ಲ.

ಗಡಿಯಾರದಲ್ಲಿ ಹನ್ನೆರಡು ನಿಮಿಷ ಆಗಿತ್ತು. ಅಷ್ಟಕ್ಕೇ ನಿಲ್ಲಿಸಿ ಪಾಠಪುಸ್ತಕ ತೆಗೆಸಿದರು. ಮಕ್ಕಳು "ಇನ್ನೊಂದು ಮಿಸ್" ಎಂದರೂ ಒಪ್ಪಲಿಲ್ಲ. ಹೋಳಿಗೆಯಾದರೂ ಎರಡಾದ ಮೇಲೆ ಸಾಕೆನಿಸುತ್ತದಲ್ಲ, ಹಾಗೆ.

ಈ ಪದ್ಧತಿ ಎಲ್ಲಿಂದ ಬಂತು?

ಹುಟ್ಟಿದ್ದು ಅಮೆರಿಕದಲ್ಲಿ. ರೂತ್ ಪಾರ್ಕರ್ ಮತ್ತು ಕ್ಯಾಥಿ ರಿಚರ್ಡ್‌ಸನ್ ಎಂಬ ಇಬ್ಬರು ಶಿಕ್ಷಕಿಯರು 1990ರ ದಶಕದ ಆರಂಭದಲ್ಲಿ ಇದನ್ನು ರೂಪಿಸಿದರು. ಅಲ್ಲಿ ಇದನ್ನು 'ನಂಬರ್ ಟಾಕ್ಸ್' ಎನ್ನುತ್ತಾರೆ. ನಾವು 'ಲೆಕ್ಕದ ಮಾತುಕತೆ' ಎಂದುಕೊಳ್ಳೋಣ. 2010ರಲ್ಲಿ ಶೆರಿ ಪ್ಯಾರಿಶ್ ಎಂಬುವರು ಇದೇ ಹೆಸರಿನ ಪುಸ್ತಕ ಬರೆದ ಮೇಲೆ ಅಲ್ಲಿನ ಬಹಳಷ್ಟು ಶಾಲೆಗಳಿಗೆ ಹರಡಿತು. ನಮ್ಮ ಟೀಚರು ಬರೆದ 18 × 5 ಕೂಡ ಅಲ್ಲಿ ಪ್ರಸಿದ್ಧವಾದ ಲೆಕ್ಕವೇ.

ಅಮೆರಿಕದಲ್ಲಿ ಇದರ ಅಗತ್ಯ ಯಾಕೆ ಕಂಡಿತು ಎನ್ನುವುದಕ್ಕೆ ಒಂದು ಪ್ರಸಂಗ ಕೇಳಿ. ಅಲಬಾಮಾದ ವಿಶ್ವವಿದ್ಯಾಲಯದಲ್ಲಿದ್ದ ಕಾನ್‌ಸ್ಟನ್ಸ್ ಕಮೀ ಎಂಬ ಮಹಿಳೆ ಎರಡನೆಯ ತರಗತಿಯ ಮಕ್ಕಳಿಗೆ ಅಡ್ಡಲಾಗಿ ಬರೆದ ಒಂದು ಲೆಕ್ಕ ತೋರಿಸಿ, ಪೆನ್ಸಿಲು ಮುಟ್ಟದೆ ಮಾಡಿ ಎಂದರು. ಲೆಕ್ಕ 7 + 52 + 186. ಉತ್ತರ 245. 'ಕೈಲಿ ಒಂದು' ಪದ್ಧತಿಯನ್ನು ಚೆನ್ನಾಗಿ ಕಲಿಸಿದ್ದ ತರಗತಿಯಲ್ಲಿ ಸರಿಯುತ್ತರ ಕೊಟ್ಟವರು ನೂರಕ್ಕೆ 12 ಮಂದಿ ಮಾತ್ರ. ಆ ಪದ್ಧತಿ ಕಲಿಸದೆ ಮಕ್ಕಳೇ ದಾರಿ ಹುಡುಕಿಕೊಳ್ಳಲು ಬಿಟ್ಟ ತರಗತಿಯಲ್ಲಿ ನೂರಕ್ಕೆ 45 ಮಂದಿ! ಅದಕ್ಕಿಂತ ಸ್ವಾರಸ್ಯ ತಪ್ಪು ಉತ್ತರಗಳಲ್ಲಿದೆ. ಪದ್ಧತಿ ಕಲಿತ ಮಕ್ಕಳಲ್ಲಿ ಒಬ್ಬರು 938 ಎಂದರು, ಒಬ್ಬರು 29 ಎಂದರು. 938 ಹೇಗೆ ಬಂತು ಗೊತ್ತೇ? 7ನ್ನು ನೂರರ ಸ್ಥಾನಕ್ಕೆ ಸೇರಿಸಿದರೆ ಬರುತ್ತದೆ. ಎಲ್ಲ ಅಂಕಿಗಳನ್ನೂ ಬಿಡಿ ಎಂದುಕೊಂಡು ಕೂಡಿದರೆ 29. ಬರೀ 186 ಇರುವಾಗಲೇ ಮೊತ್ತ 29 ಹೇಗಾದೀತು ಎಂಬ ಅನುಮಾನ ಕೂಡ ಮಕ್ಕಳಿಗೆ ಬರಲಿಲ್ಲ. ಗೆರೆಯ ಮೇಲೆ ನಡೆದು ನಡೆದು ಸುತ್ತಮುತ್ತ ನೋಡುವುದೇ ಮರೆತುಹೋಗಿತ್ತು. ಈ ವಿವರಗಳು 1998ರಲ್ಲಿ ಪ್ರಕಟವಾದವು. ಕೈಲಿ ಇಟ್ಟುಕೊಳ್ಳುವ ಪದ್ಧತಿಯೇ ಚಿಕ್ಕ ಮಕ್ಕಳಿಗೆ ಹಾನಿ ಎಂಬುದು ಆಕೆಯ ವಾದ. ನಾನು ಅಷ್ಟು ದೂರ ಹೋಗಲಾರೆ. ನಾಲ್ಕಂಕಿಯ ಗುಣಾಕಾರಕ್ಕೆ ಪೆನ್ಸಿಲು ಬೇಕೇ ಬೇಕು. ಆದರೆ ಪೆನ್ಸಿಲಿಗೆ ಮುಂಚೆ ತಲೆ ಓಡಬೇಕು ಎಂಬ ಮಾತಂತೂ ನಿಜ.

ನಮ್ಮ ಸೊಪ್ಪಿನ ಹುಡುಗಿಯಂಥವರ ಬಗ್ಗೆಯೂ ಅಭ್ಯಾಸ ನಡೆದಿದೆ. ಬ್ರೆಜಿಲ್ ದೇಶದ ರೆಸೀಫೆ ಎಂಬ ಊರಿನ ಬೀದಿಗಳಲ್ಲಿ ಮಾರಾಟ ಮಾಡುವ ಐವರು ಮಕ್ಕಳನ್ನು ಅಲ್ಲಿನ ಸಂಶೋಧಕರು ಗಿರಾಕಿಗಳ ಹಾಗೆ ಹೋಗಿ ಮಾತಾಡಿಸಿದರು. ವ್ಯಾಪಾರದ ಲೆಕ್ಕದಲ್ಲಿ ಆ ಮಕ್ಕಳು ನೂರಕ್ಕೆ 98 ಸರಿ. ಅದೇ ಲೆಕ್ಕಗಳನ್ನು ಶಾಲೆಯಲ್ಲಿ ಕೊಡುವ ಹಾಗೆ ಬರೀ ಅಂಕಿಯಲ್ಲಿ ಬರೆದು ಕೊಟ್ಟಾಗ ನೂರಕ್ಕೆ 37! ತೆಂಗಿನಕಾಯಿ ಮಾರುವ 12 ವರ್ಷದ ಹುಡುಗನೊಬ್ಬ, ಕಾಯಿಗೆ 35ರಂತೆ ನಾಲ್ಕು ಕಾಯಿಗೆ, ಮೂರಕ್ಕೆ 105 ಎಂದು ಮೊದಲೇ ಗೊತ್ತಿದ್ದದ್ದಕ್ಕೆ ಒಂದು ಕಾಯಿಯದನ್ನು ಸೇರಿಸಿ 140 ಎಂದು ಸರಿಯಾಗಿ ಹೇಳಿದ್ದ. ಅದೇ ಹುಡುಗನಿಗೆ ಕಾಗದದ ಮೇಲೆ 35 × 4 ಕೊಟ್ಟರೆ, ನಾಲ್ಕೈದ್ಲ ಇಪ್ಪತ್ತು, ಕೈಲಿ ಎರಡು, ಎರಡೂ ಮೂರೂ ಐದು, ಐದ್ನಾಲ್ಕ್ಲ ಇಪ್ಪತ್ತು ಎಂದು 200 ಬರೆದ. ಕಾಯಿ ಮಾರುವಾಗ ಯಾರಾದರೂ ನಾಲ್ಕು ಕಾಯಿಗೆ 200 ಕೇಳಿದ್ದರೆ ಅವನೇ ನಗುತ್ತಿದ್ದ. ಇದು ಪ್ರಕಟವಾದದ್ದು 1985ರಲ್ಲಿ.

ನಲವತ್ತು ವರ್ಷದ ನಂತರ ನಮ್ಮ ದೇಶದಲ್ಲೂ ಅದೇ ಕಥೆ. ನೊಬೆಲ್ ಪುರಸ್ಕಾರ ಪಡೆದ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ದಂಪತಿಗಳು ತಮ್ಮ ಸಂಗಡಿಗರೊಡನೆ ದೆಹಲಿ, ಕೋಲ್ಕತ್ತಾಗಳ ಮಾರುಕಟ್ಟೆಯಲ್ಲಿ ದುಡಿಯುವ 1,400ಕ್ಕೂ ಹೆಚ್ಚು ಮಕ್ಕಳನ್ನು ಪರೀಕ್ಷಿಸಿ 2025ರ ಫೆಬ್ರವರಿಯಲ್ಲಿ 'ನೇಚರ್' ಪತ್ರಿಕೆಯಲ್ಲಿ ಬರೆದರು. ತಕ್ಕಡಿಯ ಮುಂದೆ ತೊಡಕಿನ ಲೆಕ್ಕವನ್ನೂ ಬಾಯಲ್ಲೇ ಮಾಡುವ ಮಕ್ಕಳು ಪಠ್ಯಪುಸ್ತಕದ ಸರಳ ಲೆಕ್ಕಕ್ಕೆ ತಡವರಿಸಿದರು. ಆದರೆ ಇಷ್ಟಕ್ಕೇ "ಪಾಪ, ಆ ಮಕ್ಕಳು" ಎಂದು ಪುಟ ತಿರುಗಿಸಬೇಡಿ. ಮಾರಾಟ ಮಾಡದೆ ಬರೀ ಶಾಲೆಗೆ ಹೋಗುವ ಮಕ್ಕಳನ್ನೂ ಕೇಳಿ ನೋಡಿದರು. ಅವರಿಗೆ ಪುಸ್ತಕದ ಲೆಕ್ಕ ಬರುತ್ತಿತ್ತು, ಅಂಗಡಿಯ ಲೆಕ್ಕ ಬರುತ್ತಿರಲಿಲ್ಲ! ಎರಡು ಲೆಕ್ಕಗಳ ನಡುವೆ ಒಂದು ಗೋಡೆ ಎದ್ದಿದೆ ಎಂದ ಹಾಗಾಯಿತು. ಆ ಗೋಡೆಯಲ್ಲಿ ಒಂದು ಬಾಗಿಲು ಕೊರೆಯುವ ಕೆಲಸವನ್ನು ಈ ಹತ್ತು ನಿಮಿಷದ ಮಾತುಕತೆ ಮಾಡುತ್ತದೆ ಎಂಬುದು ನನ್ನ ಅನಿಸಿಕೆ. "ಕಟ್ಟಿಗೆ ಐದು ರೂಪಾಯಿ ಮಿಸ್" ಎಂಬ ಮಾತನ್ನು ಬೋರ್ಡಿನ ಮೇಲೆ ಬರೆಯುವ ಜಾಗ ಬೇರೆ ಯಾವ ಪೀರಿಯಡ್ಡಿನಲ್ಲಿದೆ ಹೇಳಿ?

ಮಗ್ಗಿ ಬೇಡವೇ ಹಾಗಾದರೆ?

"ಹಾಗಾದರೆ ಮಗ್ಗಿ ಬಾಯಿಪಾಠ ಮಾಡಿಸೋದೇ ತಪ್ಪಾ?" ಎಂದು ನಮ್ಮ ಮಹಿಳಾ ಸಂಘದಲ್ಲಿ ಇದನ್ನು ಹೇಳಿದಾಗ ಒಬ್ಬರು ಜಗಳಕ್ಕೇ ಬಂದರು. ಯಾರು ಹೇಳಿದರು ತಪ್ಪೆಂದು? ಏಳೆಂಟ್ಲ ಐವತ್ತಾರು ಎಂದು ಬಾಯಿಗೆ ಬರದಿದ್ದರೆ ಮುರಿಯುವುದೇನು, ಕೂಡಿಸುವುದೇನು? ಒಗ್ಗರಣೆ ಡಬ್ಬಿಯಲ್ಲಿ ಸಾಸಿವೆ ಇದ್ದ ಹಾಗೆ ಮಗ್ಗಿ ಕೈಗೆಟಕುವಂತೆ ಇರಲೇಬೇಕು. ಆದರೆ ಸಾಸಿವೆಯೇ ಅಡಿಗೆಯಲ್ಲ.

ನಮ್ಮ ಹಿರಿಯರ ಮಗ್ಗಿಯಾದರೂ ಎಂಥದು! ನನ್ನ ಅತ್ತೆಗೆ ಕಾಲು, ಅರೆ, ಮುಕ್ಕಾಲು, ಒಂದೂವರೆ ಮಗ್ಗಿಗಳು ಈಗಲೂ ಬಾಯಲ್ಲಿವೆ. 1957ರ ಏಪ್ರಿಲ್ 1ರಂದು ಹೊಸ ಪೈಸೆ ಬರುವ ತನಕ ರೂಪಾಯಿಗೆ 16 ಆಣೆ, ಆಣೆಗೆ 12 ಕಾಸು. ಸೇರಿಗೆ ನಾಲ್ಕು ಪಾವು. ಆ ಕಾಲದ ಹೆಂಗಸರು ಹಾಲಿನ ಲೆಕ್ಕವನ್ನು ಗೋಡೆಯ ಮೇಲೆ ಇದ್ದಿಲ ಗೀಟಿನಲ್ಲಿಟ್ಟು ಮೊತ್ತವನ್ನು ಬಾಯಲ್ಲೇ ಹೇಳುತ್ತಿದ್ದರು. 12ನೆಯ ಶತಮಾನದಲ್ಲೇ ರಾಜಾದಿತ್ಯನೆಂಬವನು 'ವ್ಯವಹಾರ ಗಣಿತ' ಎಂಬ ಪುಸ್ತಕವನ್ನು ಕನ್ನಡದಲ್ಲಿ ಬರೆದ ನಾಡು ನಮ್ಮದು. ಲೆಕ್ಕ ನಮಗೆ ಹೊಸತಲ್ಲ.

ನಮ್ಮ ಭಾಷೆಯೂ ಇದಕ್ಕೆ ಅನುಕೂಲವಾಗಿಯೇ ಇದೆ. ಹದಿಮೂರು ಎಂದರೆ ಹತ್ತರ ಮೇಲೆ ಮೂರು, ಹತ್ತೊಂಬತ್ತು ಎಂದರೆ ಹತ್ತೂ ಒಂಬತ್ತು. ಮುರಿಯುವ ಜಾಗ ಕಿವಿಗೇ ಕೇಳಿಸುತ್ತದೆ. ಇಂಗ್ಲಿಷಿನ ಥರ್ಟೀನ್, ಫೋರ್ಟೀನ್‌ಗಳಲ್ಲಿ ಬಿಡಿ ಮೊದಲು ಬಂದು ಹತ್ತು ಆಮೇಲೆ ಬರುತ್ತದೆ. ಥರ್ಟೀನಿಗೂ ಥರ್ಟಿಗೂ ಮಕ್ಕಳು ಗೊಂದಲ ಮಾಡಿಕೊಳ್ಳುವುದನ್ನು ನೀವೇ ನೋಡಿರುತ್ತೀರಿ. ಇಂಗ್ಲಿಷ್ ಮಾಧ್ಯಮಕ್ಕೆ ಕಳಿಸಿದ್ದೀರೇ? ಕಳಿಸಿ, ಬೇಡವೆನ್ನುವುದಿಲ್ಲ. ಆದರೆ ಬಾಯಿಲೆಕ್ಕವನ್ನು ಮನೆಯಲ್ಲಿ ಕನ್ನಡದಲ್ಲೇ ಮಾಡಿಸಿ ನೋಡಿ, ವ್ಯತ್ಯಾಸ ತಾನೇ ಗೊತ್ತಾಗುತ್ತದೆ.

ಬಾಯಿಲೆಕ್ಕ ಎಂದರೆ ಶಕುಂತಲಾ ದೇವಿ ಆಗುವುದು ಎಂದೂ ತಿಳಿಯಬೇಡಿ. ಬೆಂಗಳೂರಿನಲ್ಲಿ ಹುಟ್ಟಿದ ಆ ಮಹಾತಾಯಿ 1980ರ ಜೂನ್ 18ರಂದು ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ 13 ಅಂಕಿಗಳ ಎರಡು ಸಂಖ್ಯೆಗಳನ್ನು 28 ಸೆಕೆಂಡಿನಲ್ಲಿ ಗುಣಿಸಿ ಹೇಳಿದರು. ಅದು ದೈವದತ್ತ. ಅದನ್ನು ಆಸೆಪಟ್ಟು ಸಾವಿರಾರು ರೂಪಾಯಿ ಸುರಿದು 'ವೇಗದ ಲೆಕ್ಕ'ದ ಕ್ಲಾಸಿಗೆ ಸೇರಿಸುವವರನ್ನು ಕಂಡಿದ್ದೇನೆ. ಗಡಿಯಾರ ಹಿಡಿದು ನಿಂತರೆ ಮಗುವಿಗೆ ಬರುವ ಲೆಕ್ಕವೂ ಮರೆತುಹೋಗುತ್ತದೆ. ಟೀಚರ ತರಗತಿಯಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಅವಸರವಿಲ್ಲದಿರುವುದು.

ಹಾಗೆಂದು ಎಲ್ಲವೂ ಹೂವೆತ್ತಿದಂತೆ ಎಂದೇನಲ್ಲ. ಮೊದಲ ಎರಡು ವಾರ ಮಕ್ಕಳು ಬಾಯಿಯನ್ನೇ ಬಿಡಲಿಲ್ಲವಂತೆ. "ಹೇಗೆ ಬಂತು?" ಎಂದು ಕೇಳಿದರೆ "ತಪ್ಪಾಯ್ತಾ ಮಿಸ್?" ಎಂದು ಹೆದರುತ್ತಿದ್ದರು. ತಪ್ಪಾದಾಗ ಮಾತ್ರ ಹೇಗೆ ಎಂದು ಕೇಳುವುದು ನಮ್ಮಲ್ಲಿ ರೂಢಿಯಾಗಿದೆಯಲ್ಲ! ತಂದೆತಾಯಿಯರೂ, "ಬೆಳಿಗ್ಗೆ ಹೊತ್ತು ನೋಟ್‌ಬುಕ್ಕಿನಲ್ಲಿ ಏನೂ ಬರೆಸೋಲ್ಲ, ಬರೀ ಹರಟೆ" ಎಂದು ಮುಖ್ಯೋಪಾಧ್ಯಾಯರ ತನಕ ಹೋಗಿದ್ದರು. 38 ಮಕ್ಕಳಲ್ಲಿ ದಿನಕ್ಕೆ ಐದಾರು ಜನರಿಗೆ ಮಾತ್ರ ಹೇಳುವ ಸರದಿ ಸಿಗುತ್ತದೆ. ಮಿಕ್ಕವರು ನಿಜವಾಗಿ ಯೋಚಿಸುತ್ತಿದ್ದಾರೋ, ಬೆರಳನ್ನು ಸುಮ್ಮನೆ ಎತ್ತಿದ್ದಾರೋ ಟೀಚರಿಗೂ ಒಮ್ಮೊಮ್ಮೆ ಗೊತ್ತಾಗುವುದಿಲ್ಲ. ಅದಕ್ಕೆ ಕೆಲವು ದಿನ ಮೊದಲು ಪಕ್ಕದವನಿಗೆ ಪಿಸುಮಾತಿನಲ್ಲಿ ಹೇಳಿ ಎನ್ನುತ್ತಾರೆ. ಸೊಪ್ಪಿನ ಹುಡುಗಿಗೆ ಬರೆಯುವ ಭಾಗಾಕಾರ ಇನ್ನೂ ಸರಿಯಾಗಿ ಬಂದಿಲ್ಲ. ಆದರೆ ಉತ್ತರ ಬರೆದಾದ ಮೇಲೆ "ಇದು ಇಷ್ಟು ಬರೋಕೆ ಸಾಧ್ಯವಾ?" ಎಂದು ತಾನೇ ಒಮ್ಮೆ ನೋಡಿಕೊಳ್ಳುತ್ತಾಳೆ. ಅವಳ ತಾಯಿಯನ್ನು ಟೀಚರು ಕರೆಸಿ ಮಗಳ 'ಒಂಬತ್ತು ಜೊತೆ'ಯ ಲೆಕ್ಕವನ್ನು ಬೋರ್ಡಿನ ಮೇಲೆ ತೋರಿಸಿದರಂತೆ. "ಇದು ಲೆಕ್ಕಾನಾ? ಇದು ನಾನು ದಿನಾ ಮಾಡೋದೇ" ಎಂದಳಂತೆ ಆಕೆ. ಬಿಡಿಸುವ ಮಾತನ್ನು ಆಮೇಲೆ ಎತ್ತಿಲ್ಲ.

ಮನೆಯಲ್ಲಿ ನೀವೂ ಮಾಡಬಹುದು

ನಿಮ್ಮ ಮಗುವಿನ ಶಾಲೆಯಲ್ಲಿ ಇದು ಇಲ್ಲದಿದ್ದರೆ ಪಾಲಕರ ಸಭೆಯಲ್ಲಿ ಒಂದು ಮಾತು ಹಾಕಿ. ಖರ್ಚಿಲ್ಲ, ಸಾಮಾನು ಬೇಡ, ಸಿಲಬಸ್ಸಿಗೂ ಅಡ್ಡಿಯಿಲ್ಲ. ಅಲ್ಲಿಯವರೆಗೆ ಮನೆಯಲ್ಲೇ ಶುರು ಮಾಡಿ.

ಚಿಕ್ಕ ಮಕ್ಕಳಿಗೆ ರಂಗೋಲಿಗಿಂತ ಒಳ್ಳೆಯ ಪಾಠವಿಲ್ಲ. ಅಮೆರಿಕದ ಟೀಚರುಗಳು ಪುಟ್ಟ ಮಕ್ಕಳಿಗೆ ಚುಕ್ಕಿಯ ಚಿತ್ರ ತೋರಿಸಿ, ಎಣಿಸದೆ ಎಷ್ಟಿವೆ ಹೇಳಿ ಎಂದು ಕೇಳುತ್ತಾರೆ. ನಮ್ಮ ಬಾಗಿಲಲ್ಲಿ ಅದು ದಿನಾ ಬೆಳಿಗ್ಗೆ ಇರುತ್ತದೆ! ಏಳರಿಂದ ನಾಲ್ಕಕ್ಕೆ ಸಂದುಚುಕ್ಕಿಯ ರಂಗೋಲಿ ನಿಮಗೆ ಗೊತ್ತೇ ಇದೆ. ನಡುವೆ ಏಳು ಚುಕ್ಕಿ, ಅದರ ಮೇಲೂ ಕೆಳಗೂ ಸಂದಿನಲ್ಲಿ ಆರು, ಆಮೇಲೆ ಐದು, ಕೊನೆಗೆ ನಾಲ್ಕು. ಚುಕ್ಕಿ ಇಟ್ಟ ಮೇಲೆ ಗೆರೆ ಎಳೆಯುವ ಮೊದಲು ಮಗುವನ್ನು ಕರೆದು ಒಟ್ಟು ಎಷ್ಟು ಚುಕ್ಕಿ ಎಂದು ಕೇಳಿ. ಒಂದೊಂದಾಗಿ ಎಣಿಸಿದರೆ ತಡೆಯಬೇಡಿ, 37 ಬರುತ್ತದೆ. ಆಮೇಲೆ, "ಎಣಿಸದೆ ಹೇಳೋಕೆ ಆಗತ್ತಾ?" ಎನ್ನಿ. ನನ್ನ ತಂಗಿಯ ಮಗಳು, ಎರಡನೆಯ ತರಗತಿಯವಳು, ಮೇಲೆ ಹದಿನೈದು ಕೆಳಗೆ ಹದಿನೈದು ಮೂವತ್ತು, ನಡುವೆ ಏಳು ಎಂದಳು. ಅವಳ ಅಣ್ಣ ಮೇಲಿನ ನಾಲ್ಕನ್ನು ಕೆಳಗಿನ ಆರಕ್ಕೆ ಸೇರಿಸಿ ಹತ್ತು ಮಾಡಿದ. ಹಾಗೇ ಕೆಳಗಿನ ನಾಲ್ಕಕ್ಕೆ ಮೇಲಿನ ಆರು, ಐದಕ್ಕೆ ಐದು. ಮೂರು ಹತ್ತು, ಮತ್ತೆ ಏಳು. ನಡುವಿನ ಒಂದು ಚುಕ್ಕಿಯಿಂದ ಶುರುಮಾಡಿ ಸುತ್ತು ಸುತ್ತಾಗಿ ನೋಡಿದರೆ 1, 6, 12, 18 ಎಂದೂ ಬರುತ್ತದೆ. ಇಷ್ಟು ವರ್ಷ ಅದೇ ರಂಗೋಲಿ ಹಾಕಿದ ನನಗೆ ಆ ಸುತ್ತುಗಳು ಕಂಡದ್ದು ಆವತ್ತೇ.

ದೊಡ್ಡ ಮಕ್ಕಳಿಗೆ ಚಿಲ್ಲರೆಯ ಲೆಕ್ಕ ಕೊಡಿ. ಅಂಗಡಿಯವರು 100ರಿಂದ 63 ಕಳೆಯುವಾಗ ಸಾಲ ತರುವುದಿಲ್ಲ, ಗಮನಿಸಿದ್ದೀರಾ? "ಅರವತ್ತಮೂರು, ಎಪ್ಪತ್ತು" ಎಂದು ಏಳು ರೂಪಾಯಿ ಇಡುತ್ತಾರೆ, "ನೂರು" ಎಂದು ಮೂವತ್ತು ಇಡುತ್ತಾರೆ. ಕಳೆಯುವ ಲೆಕ್ಕವನ್ನು ಮೇಲಕ್ಕೆ ಏರಿ ಮಾಡುವ ಈ ದಾರಿ ಬಹಳ ಸುಲಭ. ಈಗೀಗ ಅಂಗಡಿಯಲ್ಲಿ ಫೋನು ಹಿಡಿದು ದುಡ್ಡು ಕಳಿಸುತ್ತೇವಾದ್ದರಿಂದ ಚಿಲ್ಲರೆ ಎಂಬುದೇ ಮಕ್ಕಳ ಕಣ್ಣಿಗೆ ಬೀಳುತ್ತಿಲ್ಲ. ವಾರಕ್ಕೊಂದು ಸಲವಾದರೂ ನೋಟು ಕೊಟ್ಟು ಅಂಗಡಿಗೆ ಕಳಿಸಿ. ಬಂದ ಮೇಲೆ ಎಷ್ಟು ಉಳಿಯಿತು ಎಂದಷ್ಟೇ ಕೇಳದೆ, ಸರಿಯಾಗಿದೆ ಅಂತ ಹೇಗೆ ಗೊತ್ತಾಯಿತು ಎಂದೂ ಕೇಳಿ.

ಕೇಳುವಾಗ ಒಂದು ಎಚ್ಚರ. ಮಗು ಸುತ್ತಿ ಬಳಸಿ ಹೇಳುತ್ತಿರುವಾಗ "ಅದಲ್ಲ, ಹೀಗೆ ಮಾಡು" ಎಂದು ನಡುವೆ ಬಾಯಿ ಹಾಕಬೇಡಿ. ನಮಗಿಂತ ಮನೆಯ ಗಂಡಸರಿಗೆ ಈ ಚಾಳಿ ಹೆಚ್ಚು! ಉತ್ತರ ಸರಿ ಇದ್ದಾಗಲೂ "ಹೇಗೆ?" ಎಂದು ಕೇಳಿ, ತಪ್ಪಿದ್ದಾಗಲೂ ಅದೇ ದನಿಯಲ್ಲಿ ಕೇಳಿ. ಅಕ್ಕತಂಗಿಯರಲ್ಲಿ ಯಾರು ಮೊದಲು ಎಂದು ಪಂದ್ಯ ಕಟ್ಟಬೇಡಿ. ಹತ್ತು ನಿಮಿಷಕ್ಕಿಂತ ಎಳೆಯಬೇಡಿ. ಊಟಕ್ಕೆ ಮುಂಚಿನ ಹಸಿವಿನ ಹೊತ್ತಂತೂ ಬೇಡವೇ ಬೇಡ.

ಶುರು ಮಾಡಲು ಕೆಲವು ಲೆಕ್ಕಗಳು: ಒಂದು, ಎರಡನೆಯ ತರಗತಿಯವರಿಗೆ 9 + 6, 8 + 7, 19 + 5. ಮೂರನೆಯವರಿಗೆ 99 + 36, 48 + 27, 50 − 19. ನಾಲ್ಕು, ಐದನೆಯವರಿಗೆ 12 × 15, 6 × 49, 16 × 25. ಈ ಕೊನೆಯದನ್ನು ನಮ್ಮ ಮನೆಯಲ್ಲಿ ಕಳೆದ ಭಾನುವಾರ ಕೇಳಿದೆ. ಮಗ 10 × 25 ಕ್ಕೆ 250, 6 × 25 ಕ್ಕೆ 150 ಎಂದು ಸೇರಿಸಿದ. ಮಗಳು 8 × 50, ಆಮೇಲೆ 4 × 100 ಎಂದು ಒಂದನ್ನು ಅರ್ಧ ಮಾಡುತ್ತ ಇನ್ನೊಂದನ್ನು ಇಮ್ಮಡಿ ಮಾಡಿದಳು. ಜಪದಲ್ಲಿದ್ದ ಅತ್ತೆ ಕಣ್ಣು ಬಿಡದೆಯೇ, "ಇಪ್ಪತ್ತೈದು ಅಂದ್ರೆ ನೂರರ ಕಾಲು. ಹದಿನಾರು ಕಾಲು ನಾಕು. ನಾನೂರು" ಎಂದರು. ನಾಲ್ಕನೆಯ ದಾರಿ ನಿಮ್ಮ ಮನೆಯಲ್ಲಿ ಸಿಕ್ಕರೆ ಪತ್ರಿಕೆಗೆ ಬರೆದು ತಿಳಿಸಿ.